ಮನೆಮನೆಗೆ ದೇವರನ್ನು ತಂದ ರಾಜಾ ರವಿವರ್ಮ

ನಿರಾಕಾರನಾದ ಪರಮಾತ್ಮನನ್ನು ಧ್ಯಾನಿಸಬಲ್ಲ ಜ್ಞಾನಿಗಳು ವಿರಳ. ಸಾಮಾನ್ಯ ಭಕ್ತನಿಗೆ ಕಣ್ತುಂಬ ನೋಡಲು ರೂಪವೊಂದು ಬೇಕು. ಗರ್ಭಗುಡಿಯಲ್ಲಿ ಶಿಲ್ಪಿಯು ಆ ರೂಪವನ್ನು ಕಲ್ಲಿನಲ್ಲಿ ಕಡೆದಿಟ್ಟನು. ಬಡವನ ಮನೆಯ ಗೋಡೆಯ ಮೇಲೆ ಅದನ್ನು ಬಣ್ಣದಲ್ಲಿ ತಂದಿರಿಸಿದ ಪುಣ್ಯವು ರಾಜಾ ರವಿವರ್ಮರದು.

ರವಿವರ್ಮರು 1848ನೆಯ ಇಸವಿ ಏಪ್ರಿಲ್ 29ರಂದು ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಮನೆಯ ಗೋಡೆಗಳ ಮೇಲೆ ಇದ್ದಿಲಿನಿಂದ ಚಿತ್ರಗಳನ್ನು ಬರೆಯುತ್ತಿದ್ದ ಹುಡುಗನನ್ನು ಸೋದರಮಾವ ರಾಜರಾಜವರ್ಮರು ಗದರಿಸದೆ, ತಾವೇ ಕೈಹಿಡಿದು ಕಲಿಸಿದರು. 14ನೆಯ ವಯಸ್ಸಿನಲ್ಲಿ ಅವರು ತಿರುವನಂತಪುರದ ಅರಮನೆಯನ್ನು ಸೇರಿದರು. ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯವೇನೋ ದೊರೆಯಿತು, ಆದರೆ ತೈಲವರ್ಣದ ವಿದ್ಯೆಯನ್ನು ಹೇಳಿಕೊಡುವವರು ದೊರೆಯಲಿಲ್ಲ. ಅರಮನೆಯ ಚಿತ್ರಕಾರರು ಆ ಮರ್ಮವನ್ನು ಬಿಟ್ಟುಕೊಡಲಿಲ್ಲ. 1868ರಲ್ಲಿ ಬಂದ ಥಿಯೋಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಪಾಠ ಹೇಳಲೊಪ್ಪದೆ, ತಾನು ಚಿತ್ರ ಬರೆಯುವುದನ್ನು ನೋಡುವುದಕ್ಕೆ ಮಾತ್ರ ಸಮ್ಮತಿಸಿದನು. ನೋಡಿದ್ದನ್ನೇ ಮನನಮಾಡಿ, ಬರೆದು ಅಳಿಸಿ, ಮತ್ತೆ ಬರೆದು ರವಿವರ್ಮರು ಏಕಲವ್ಯನಂತೆ ವಿದ್ಯೆಯನ್ನು ಸಂಪಾದಿಸಿದರು.

1870ರಲ್ಲಿ ಅವರು ಕೊಲ್ಲೂರಿಗೆ ಬಂದು ಶ್ರೀ ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನಗಳ ಭಜನೆಯನ್ನು ನಡೆಸಿದರು. ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ನ್ಯಾಯಾಧೀಶರೊಬ್ಬರ ಕುಟುಂಬದ ಚಿತ್ರವನ್ನು ಬರೆಯುವ ಕೆಲಸವು ಒದಗಿತು. ಸಂಭಾವನೆ ಪಡೆದು ಅವರು ಬರೆದ ಮೊದಲ ಚಿತ್ರವದು. ಅಲ್ಲಿಂದಾಚೆಗೆ ಅವರ ಕೀರ್ತಿಯು ಬೆಳೆಯುತ್ತಲೇ ಹೋಯಿತು. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿಯೂ 1893ರಲ್ಲಿ ಚಿಕಾಗೋದಲ್ಲಿಯೂ ಅವರ ಚಿತ್ರಗಳಿಗೆ ಪುರಸ್ಕಾರಗಳು ಸಂದವು. ಬರೋಡಾದ ಸಯಾಜಿರಾವ್ ಗಾಯಕವಾಡರು ರಾಮಾಯಣ ಮಹಾಭಾರತಗಳ 14 ಚಿತ್ರಗಳನ್ನು ಬರೆಯಿಸಿದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಬರೆದ ಪೌರಾಣಿಕ ಚಿತ್ರಗಳನ್ನು ಜಗನ್ಮೋಹನ ಅರಮನೆಯಲ್ಲಿ ಯಾತ್ರಿಕರು ಇಂದಿಗೂ ಕಾಣಬಹುದು.

ಆದರೆ ಅರಮನೆಯ ಚಿತ್ರವು ಅರಮನೆಯಲ್ಲಿಯೇ ಉಳಿಯುವುದಲ್ಲವೆ? ಅದನ್ನು ಪ್ರಜೆಗಳಿಗೆ ಮುಟ್ಟಿಸುವ ಸಲುವಾಗಿ, ದಿವಾನರಾಗಿದ್ದ ಸರ್ ಟಿ. ಮಾಧವರಾಯರ ಹಿಂದಿನ ಸಲಹೆಯನ್ನು ನೆನೆದು, ಅವರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದರು. ಜರ್ಮನಿಯ ಕುಶಲಿಗಳು ಬಂದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು. ಒಂದರ ಮೇಲೊಂದನ್ನು ಒತ್ತಿದಾಗ ಚಿತ್ರವು ಪೂರ್ಣವಾಗುತ್ತಿತ್ತು. ಕಮಲದಲ್ಲಿ ನಿಂತ ಲಕ್ಷ್ಮಿಯೂ ವೀಣಾಪಾಣಿಯಾದ ಸರಸ್ವತಿಯೂ ಸ್ವಲ್ಪ ಹಣಕ್ಕೆ ಸಂತೆಪೇಟೆಗಳಲ್ಲಿ ದೊರೆಯತೊಡಗಿದರು. ತಿರುವಾಂಕೂರಿನ ದೇವಾಲಯಗಳ ಬಾಗಿಲು ಎಲ್ಲ ಹಿಂದುಗಳಿಗೂ ತೆರೆದದ್ದು 1936ರಲ್ಲಿ. ಅದಕ್ಕೆ 42 ವರ್ಷಗಳ ಹಿಂದೆಯೇ ಈ ಮುದ್ರಣಾಲಯವು ಕೆಲಸವನ್ನಾರಂಭಿಸಿತ್ತು. ಗುಡಿಯ ಹೊರಗೆ ನಿಲ್ಲಬೇಕಾಗಿದ್ದ ಭಕ್ತನಿಗೂ ದೇವಿಯು ಅವನ ಮನೆಯಲ್ಲಿಯೇ ದರ್ಶನವನ್ನಿತ್ತಳು.

ಈ ಕಾರ್ಯದಿಂದ ರವಿವರ್ಮರಿಗೆ ಧನಲಾಭವಾಗಲಿಲ್ಲ. ಮುಂಬಯಿಯಲ್ಲಿ ಪ್ಲೇಗು ಹಬ್ಬಿತು, ಸಾಲವು ಏರಿತು, 1899ರಲ್ಲಿ ಮುದ್ರಣಾಲಯವು ಲೋಣಾವಳದ ಸಮೀಪದ ಮಳವಲಿಗೆ ಸ್ಥಳಾಂತರಗೊಂಡಿತು. ಕೊನೆಗೆ ಅದನ್ನು ಜರ್ಮನ್ ಕುಶಲಿಯಾದ ಶ್ಲೈಷರನಿಗೆ ಮಾರಬೇಕಾಯಿತು. ಲಕ್ಷ್ಮಿಯನ್ನು ಊರೂರಿಗೆ ಕಳುಹಿದವರ ಪೆಟ್ಟಿಗೆಯಲ್ಲಿ ಲಕ್ಷ್ಮಿಯು ನಿಲ್ಲಲಿಲ್ಲ. ಆನಂದ ಕುಮಾರಸ್ವಾಮಿಯವರಂತಹ ಕಲಾಪಂಡಿತರು ಅವರ ಶೈಲಿಯಲ್ಲಿ ಪರದೇಶದ ಛಾಯೆಯನ್ನು ಕಂಡು ಆಕ್ಷೇಪಿಸಿದರು. ಆ ಆಕ್ಷೇಪವು ನಿರಾಧಾರವಾದುದೇನೂ ಅಲ್ಲ. ಆದರೆ ಸಂಜೆಯಲ್ಲಿ ದೀಪ ಹಚ್ಚಿ ಆ ಪಟದ ಮುಂದೆ ಕೈಮುಗಿದ ಗೃಹಿಣಿಗೆ ಕಂಡದ್ದು ತಾಯಿಯ ಮುಖವೊಂದೇ.

1905ರಲ್ಲಿ, ಸಂಗಡವೇ ಚಿತ್ರಗಳನ್ನು ಬರೆಯುತ್ತಿದ್ದ ತಮ್ಮ ಸಿ. ರಾಜರಾಜವರ್ಮರು ತೀರಿಕೊಂಡರು. ಆ ದುಃಖದ ಮರುವರ್ಷ, 1906ರ ಅಕ್ಟೋಬರ್ 2ರಂದು, ರವಿವರ್ಮರೂ ಇಹಲೋಕವನ್ನು ತ್ಯಜಿಸಿದರು. ಮಳವಲಿಯ ಮುದ್ರಣಾಲಯವು 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಕಲ್ಲಚ್ಚುಗಳು ಹೋದರೂ ಆ ರೂಪಗಳು ಉಳಿದಿವೆ. ಜೀರ್ಣೋದ್ಧಾರಗೊಂಡ ದೇಗುಲದಲ್ಲಿ ದೇವಿಯನ್ನು ಕಂಡು ಮನೆಗೆ ಮರಳುವ ಭಕ್ತರು, ಗೋಡೆಯ ಪಟಕ್ಕೆ ಹೂವೇರಿಸುವಾಗ, ತಾನು ನಷ್ಟವನ್ನುಂಡು ಲೋಕಕ್ಕೆ ದರ್ಶನವನ್ನಿತ್ತ ಆ ಕಲೋಪಾಸಕನನ್ನೂ ಒಮ್ಮೆ ಸ್ಮರಿಸುವುದು ಯುಕ್ತವಾಗಿದೆ.