ಮನೆ ಬಿಟ್ಟು ಬಂದ ಮಕ್ಕಳಿಗೆ ಹಿರಿಯರಾದವರು: ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು

1916ನೇ ಇಸವಿಯು ಮೈಸೂರು ಸೀಮೆಯ ವಿದ್ಯೆಯ ಚರಿತ್ರೆಯಲ್ಲಿ ನೆನಪಿಡತಕ್ಕ ವರ್ಷ. ಆ ವರ್ಷದ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಆರಂಭವಾಯಿತು. ಅದಾಗಿ ಒಂದು ತಿಂಗಳು ಕಳೆದ ಮೇಲೆ, ಆಗಸ್ಟ್ 29ರಂದು, ಮುಂದೆ ಸುತ್ತೂರು ಶ್ರೀ ವೀರಸಿಂಹಾಸನ ಪೀಠದ 23ನೆಯ ಜಗದ್ಗುರುಗಳಾಗಲಿದ್ದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳ ಜನನವಾಯಿತು. ಅರಮನೆಯು ವಿದ್ಯೆಯ ದೊಡ್ಡ ಬಾಗಿಲನ್ನು ತೆರೆಯಿತು. ಆ ಬಾಗಿಲವರೆಗೆ ಬಂದ ಹಳ್ಳಿಯ ಹುಡುಗ ಹಸಿವು ತಾಳಲಾರದೆ ಊರಿಗೆ ಹಿಂದಿರುಗದಂತೆ ನೋಡಿಕೊಂಡವರು ಈ ಪೂಜ್ಯರು. ಒಂದೇ ವರ್ಷದಲ್ಲಿ ಎರಡೂ ಆದದ್ದು ಕಾಕತಾಳೀಯವೆಂದು ಓದುಬರಹ ಬಲ್ಲವರು ಹೇಳಬಹುದು. ಭಕ್ತರಾದ ನಮಗೆ ಅದು ಶಿವಸಂಕಲ್ಪವೆಂದೇ ತೋರುತ್ತದೆ.

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಪಾದದ ಬಳಿ ಹಾದ ಕಪಿಲೆಯು ಪೂರ್ವಕ್ಕೆ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ಎರಡು ಕ್ಷೇತ್ರಗಳ ನಡುವೆ, ಅದೇ ಹೊಳೆಯ ದಡದಲ್ಲಿ ಸುತ್ತೂರು ಇದೆ. ಸಾವಿರ ವರ್ಷದ ಹಿಂದೆ ಆದಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳು ಇಲ್ಲಿ ತಪಸ್ಸಿಗೆ ನಿಂತಿದ್ದರೆಂದೂ, ಯುದ್ಧಕ್ಕೆ ಬಂದು ನಿಂತಿದ್ದ ಚೋಳ ರಾಜರಾಜ, ಗಂಗರ ರಾಚಮಲ್ಲ ಇಬ್ಬರಿಗೂ ಬುದ್ಧಿ ಹೇಳಿ ಸಂಧಿ ಮಾಡಿಸಿದರೆಂದೂ ಪರಂಪರೆಯು ಹೇಳುತ್ತದೆ. ಕತ್ತಿ ಹಿರಿದವರ ನಡುವೆ ನಿಂತು ಒಳ್ಳೆಯ ಮಾತು ಹೇಳುವ ಹಿರಿತನವೇ ಈ ಮಠದ ಮೂಲ ಬಂಡವಾಳ. ರಾಜರು ಹೋದರು, ಯುದ್ಧಗಳು ಹೋದವು. ಬುದ್ಧಿ ಹೇಳಿಸಿಕೊಳ್ಳಬೇಕಾದ ಎಳೆಯರು ಮಾತ್ರ ತಲೆಮಾರಿಗೆ ತಲೆಮಾರು ಬರುತ್ತಲೇ ಇದ್ದಾರೆ.

ರಾಜೇಂದ್ರ ಶ್ರೀಗಳವರು ಪಟ್ಟಕ್ಕೆ ಬಂದದ್ದು ಇನ್ನೂ ಬಾಲಕರಾಗಿದ್ದಾಗ. ಇದನ್ನು ನಾವು ಸಾಮಾನ್ಯವಾಗಿ ಮಹಿಮೆಯೆಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತೇವೆ. ಒಂದು ಗಳಿಗೆ ನಿಂತು ಯೋಚಿಸಬೇಕು. ಓರಗೆಯ ಹುಡುಗರು ಹೊಳೆಯಲ್ಲಿ ಈಜುತ್ತ, ದನ ಮೇಯಿಸುತ್ತ ಇರುವ ವಯಸ್ಸು. ಆ ವಯಸ್ಸಿನಲ್ಲಿ ತಾಯಿಯ ಮಡಿಲನ್ನೂ ಮನೆಯ ಜಗಲಿಯನ್ನೂ ಬಿಟ್ಟು, ಕಾವಿಯುಟ್ಟು, ಮುಪ್ಪಿನವರು ಬಂದು ಪಾದಕ್ಕೆ ನಮಸ್ಕರಿಸುವಾಗ ಗಂಭೀರವಾಗಿ ಕುಳಿತಿರಬೇಕು. ಆ ಬಾಲಕರನ್ನು ಕೈಹಿಡಿದು ನಡೆಸಿದವರು ಮಂತ್ರಮಹರ್ಷಿಗಳೆಂದು ಹೆಸರಾದ ಹಿಂದಿನ ಗುರುಗಳು ಮತ್ತು ಮಠದ ಹಿರಿಯರು. ಅವರು ಮರಿಗೆ ಪೀಠವನ್ನು ಒಪ್ಪಿಸಿ ಸುಮ್ಮನಾಗಲಿಲ್ಲ. ಮೊದಲು ಮೈಸೂರಿನಲ್ಲಿ ಸಂಸ್ಕೃತ ಕಲಿಸಿದರು. ಆ ಬಳಿಕ ಹೆಚ್ಚಿನ ವ್ಯಾಸಂಗಕ್ಕೆ ದೂರದ ಕಾಶಿಗೆ ಕಳುಹಿಸಿದರು. ಕನ್ನಡ ನಾಡಿನಿಂದ ಕಾಶಿಗೆ ಹೋದ ಜಂಗಮ ವಟುಗಳಿಗೆ ಅಲ್ಲಿನ ಜಂಗಮವಾಡಿ ಮಠವು ಬಹುಕಾಲದ ಆಸರೆ. ಭಾಷೆ ಬೇರೆ, ಊಟ ಬೇರೆ, ಚಳಿ ಬೇರೆ. ಪರಸ್ಥಳದಲ್ಲಿ ಓದುವ ಹುಡುಗನಿಗೆ ಒಂದು ತುತ್ತು ಅನ್ನ, ಒಬ್ಬ ಪರಿಚಯದ ಹಿರಿಯ ಎಂದರೆ ಏನೆಂಬುದನ್ನು ಶ್ರೀಗಳವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಅವರು ಕಾಶಿಯಿಂದ ಮರಳಿದಾಗ ನಮ್ಮ ಸೀಮೆಯ ಹಳ್ಳಿಗಳ ಸ್ಥಿತಿ ಹೇಗಿತ್ತೆಂಬುದನ್ನು ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಎಲ್ಲೋ ನಾಲ್ಕೈದು ಊರಿಗೊಂದು ಪ್ರೈಮರಿ ಶಾಲೆ. ಹುಡುಗ ಚೂಟಿಯಾಗಿದ್ದರೆ ಹೋಬಳಿಯಲ್ಲಿ ಮಿಡ್ಲ್‌ಸ್ಕೂಲು. ಆಮೇಲೆ ಹೈಸ್ಕೂಲು, ಕಾಲೇಜು ಎಂದರೆ ಮೈಸೂರೇ. ನಂಜನಗೂಡಿನ ಕಡೆಯವರಿಗೆ ರೈಲಾದರೂ ಇತ್ತು, ನರಸೀಪುರದ ಕಡೆಯವರಿಗೆ ಅದೂ ಇರಲಿಲ್ಲ. ತಲೆಯ ಮೇಲೆ ರಾಗಿಹಿಟ್ಟಿನ ಗಂಟು, ಕಂಕುಳಲ್ಲಿ ಚಾಪೆ, ಹೀಗೆ ಹೊರಟ ಹುಡುಗ ಪಟ್ಟಣ ಸೇರಿದ ಮೇಲೆ ಇಳಿಯುವುದೆಲ್ಲಿ? ನೆಂಟರಿದ್ದವರು ನೆಂಟರ ಮನೆಯ ನಡುಮನೆಯಲ್ಲಿ ಮಲಗಿದರು. ಇಲ್ಲದವರು ಛತ್ರದಲ್ಲೋ ಗುಡಿಯ ಪೌಳಿಯಲ್ಲೋ ಮಲಗಿ, ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ವಾರಾನ್ನ ಉಂಡು ಓದಿದರು. ಒಂದು ಮನೆಯಲ್ಲಿ ಸೂತಕವೋ ಮುನಿಸೋ ಬಂತೆಂದರೆ ಅಂದಿನ ದಿನ ಕೊಳಾಯಿ ನೀರೇ ಗತಿ. ಆ ಕಷ್ಟದಲ್ಲೂ ಓದಿ ದೊಡ್ಡವರಾದವರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಓದಲಾರದೆ ಊರಿಗೆ ಮರಳಿ, ಅಪ್ಪನ ನೇಗಿಲು ಹಿಡಿದವರು ಎಷ್ಟು ಮಂದಿ ಎಂಬುದರ ಲೆಕ್ಕ ಯಾರ ಕಡತದಲ್ಲೂ ಇಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು.

ಇದಕ್ಕೊಂದು ದಾರಿಯನ್ನು ನಮ್ಮ ಸಮಾಜದ ಹಿರಿಯರು ಮೊದಲೇ ತೋರಿಸಿದ್ದರು. ಬೆಂಗಳೂರಿನಲ್ಲಿ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ಗಳಿಸಿದ್ದನ್ನು ಧರ್ಮಕ್ಕೆ ಬಿಟ್ಟು, ಅದರಿಂದ ವಿದ್ಯಾರ್ಥಿನಿಲಯ ನಡೆದಿತ್ತು. ತುಮಕೂರಿನ ಸಿದ್ಧಗಂಗೆಯಲ್ಲಿ ಮಕ್ಕಳ ದಾಸೋಹ ನಿಂತು ಬೇರೂರಿತ್ತು. ರಾಜೇಂದ್ರ ಶ್ರೀಗಳವರು 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದ ನಿಲಯವನ್ನು ತೆರೆದರು. ಕೆಲವೇ ಮಕ್ಕಳಿಂದ ಅದು ಶುರುವಾಯಿತು.

ಕಾಲ ಎಂಥದೆಂಬುದನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅಕ್ಕಿಗೆ ಅಭಾವ, ಸೀಮೆಎಣ್ಣೆಗೆ ಅಭಾವ, ಬಟ್ಟೆಗೆ ಅಭಾವ. ಪಡಿತರದ ಚೀಟಿ ಹಿಡಿದು ಸಾಲಿನಲ್ಲಿ ನಿಂತವರಿಗೇ ಕಾಳು ಸಾಲದು. ಮನೆಯ ಯಜಮಾನನೇ ತನ್ನ ಮಕ್ಕಳ ತಟ್ಟೆಯನ್ನು ಲೆಕ್ಕಹಾಕುತ್ತಿದ್ದ ದಿನಗಳಲ್ಲಿ ಪರರ ಮಕ್ಕಳನ್ನು ಕರೆದು ಪಂಕ್ತಿಗೆ ಕೂರಿಸುವುದು ಸುಲಭದ ಮಾತಲ್ಲ. ಮಠಕ್ಕೆ ಹೆಸರಿತ್ತು, ಗೌರವವಿತ್ತು. ಕೈಯಲ್ಲಿ ಹಣವಿರಲಿಲ್ಲ. ಒಂದು ಸಂದರ್ಭದಲ್ಲಿ ನಿಲಯದ ಉಗ್ರಾಣ ಬರಿದಾಗಿ ನಾಳೆಯ ಒಲೆಗೆ ಏನೂ ಇಲ್ಲವೆಂಬ ಸ್ಥಿತಿ ಬಂದಾಗ, ಶ್ರೀಗಳವರು ತಮ್ಮ ಚಿನ್ನದ ಕರಡಿಗೆಯನ್ನೇ ಕೊಟ್ಟು ಮಕ್ಕಳ ಪ್ರಸಾದಕ್ಕೆ ದಾರಿಮಾಡಿದರೆಂದು ಭಕ್ತರು ಇಂದಿಗೂ ಹೇಳುತ್ತಾರೆ.

ಈ ಸಂಗತಿಯನ್ನು ಕೇಳಿದವರು ತ್ಯಾಗವೆಂದು ಕೈಮುಗಿಯುತ್ತಾರೆ. ಮುಗಿಯಲಿ. ಆದರೆ ಕರಡಿಗೆಯೆಂದರೆ ಏನೆಂಬುದು ಲಿಂಗಧಾರಿಗಳಿಗೆ ಗೊತ್ತು. ಅದು ಒಡವೆಯಲ್ಲ, ಇಷ್ಟಲಿಂಗದ ಮನೆ. ಲಿಂಗಕ್ಕೆ ಬೆಳ್ಳಿಯ ಮನೆಯಾದರೂ ಸರಿ, ಮರದ ಮನೆಯಾದರೂ ಸರಿ, ಬಟ್ಟೆಯ ಗಂಟಾದರೂ ಸರಿ. ಹಸಿದ ಹುಡುಗನ ಹೊಟ್ಟೆಗೆ ಹಾಗಲ್ಲ, ಅದಕ್ಕೆ ಅನ್ನವೇ ಬೇಕು. ಗುರು, ಲಿಂಗ, ಜಂಗಮ ಮೂರೂ ಒಂದೇ ಎಂದು ನಾವು ಪ್ರತಿದಿನ ಬಾಯಲ್ಲಿ ಹೇಳುವುದನ್ನು ಅವರು ಅಂಗಡಿಯವನ ತಕ್ಕಡಿಯ ಮುಂದೆ ನಿಂತು ಮಾಡಿ ತೋರಿಸಿದರು.

ಮಠಾಧಿಪತಿಗಳಿಗೆ ಪೂಜೆ, ಪಾದೋದಕ, ಅಡ್ಡಪಲ್ಲಕ್ಕಿ ಇದ್ದರೆ ಸಾಕು, ಶಾಲೆ ನಿಲಯಗಳ ಗೊಡವೆ ಯಾಕೆ ಎನ್ನುವ ಭಾವನೆ ಆ ಕಾಲದ ಹಿರಿಯರಲ್ಲಿ ಇಲ್ಲದಿರಲಿಲ್ಲ. ಅದನ್ನು ಮಾತಿನಿಂದ ಗೆಲ್ಲುವುದಕ್ಕಿಂತ ಸುಗ್ಗಿಯಿಂದ ಗೆಲ್ಲುವುದು ಸುಲಭವಾಯಿತೆಂದು ತೋರುತ್ತದೆ. ಹುಲ್ಲಹಳ್ಳಿಯ ಅಣೆಕಟ್ಟೆಯ ನಾಲೆ, ತಲಕಾಡಿನ ಕಡೆಯ ಮಾಧವಮಂತ್ರಿ ಕಟ್ಟೆಯ ನಾಲೆ, ಇವುಗಳ ಕೆಳಗೆ ಬತ್ತ ಬೆಳೆಯುವ ಊರುಗಳು ನಮ್ಮವು. ಹೊಲದ ಕಡೆ ರಾಗಿ, ಜೋಳ, ಹುರುಳಿ. ಕಣದಲ್ಲಿ ರಾಶಿ ಮಾಡಿದಾಗ ಮಠಕ್ಕೆಂದು ಮೊದಲ ಮೊರವನ್ನು ಎತ್ತಿಡುವ ಪದ್ಧತಿ ಹಿಂದಿನಿಂದಲೂ ಇತ್ತು. ಆ ಮೊರದ ಕಾಳು ಯಾರ ಹೊಟ್ಟೆಗೆ ಹೋಗುತ್ತದೆಂದು ಕಣ್ಣಿಗೆ ಕಂಡಮೇಲೆ ಕೈ ಇನ್ನಷ್ಟು ಬಿಚ್ಚಿತು. ತನ್ನ ಕೇರಿಯ ಹುಡುಗನೇ ಮೈಸೂರಿನಲ್ಲಿ ಆ ಅನ್ನವನ್ನುಂಡು ಮೆಟ್ರಿಕ್ ಪಾಸಾದನೆಂದರೆ, ಕೊಟ್ಟ ರೈತನಿಗೆ ಬೇರೆ ಪ್ರವಚನ ಬೇಕೇ?

ಪ್ರಸಾದ ನಿಲಯವೆಂದರೆ ಬರಿಯ ಊಟದ ಮನೆಯೆಂದು ತಿಳಿಯುವುದು ತಪ್ಪು. ನಮ್ಮ ಮಠಗಳ ನಿಲಯಗಳಲ್ಲಿ ಬೆಳೆದವರಿಗೆ ಅಲ್ಲಿನ ಕ್ರಮ ತಿಳಿದೇ ಇದೆ. ಕೋಳಿ ಕೂಗುವ ಹೊತ್ತಿಗೆ ಏಳಬೇಕು. ಸ್ನಾನ, ವಿಭೂತಿ, ಪೂಜೆ ಅಥವಾ ಪ್ರಾರ್ಥನೆ. ಆಮೇಲೆ ಪುಸ್ತಕ. ನೀರು ಸೇದುವುದು, ಎಲೆ ಎತ್ತುವುದು, ಕಸ ಗುಡಿಸುವುದು ಸರದಿಯ ಮೇಲೆ. ಉಳ್ಳವರ ಮಗನೂ ಇಲ್ಲದವರ ಮಗನೂ ಒಂದೇ ಪಂಕ್ತಿ. ದೊಡ್ಡ ತರಗತಿಯವನು ಸಣ್ಣವನಿಗೆ ಲೆಕ್ಕ ಹೇಳಿಕೊಡುತ್ತಾನೆ. ಜ್ವರ ಬಂದರೆ ಪಕ್ಕದವನು ಗಂಜಿ ತಂದುಕೊಡುತ್ತಾನೆ. ಯಾರು ರಾತ್ರಿ ತಡಮಾಡಿ ಬಂದರು, ಯಾರ ಮುಖ ಎರಡು ದಿನದಿಂದ ಬಾಡಿದೆ, ಯಾರಿಗೆ ಊರಿನಿಂದ ಕಾಗದ ಬಂದಿಲ್ಲ, ಇದನ್ನೆಲ್ಲ ನೋಡುವ ಕಣ್ಣೊಂದು ಅಲ್ಲಿರುತ್ತದೆ. ಈಚೆಗೆ ಯುವಕರಿಗೆ ಮಾರ್ಗದರ್ಶನ ಎಂಬ ಹೆಸರಿನಲ್ಲಿ ಶಿಬಿರಗಳೂ ಕಾರ್ಯಕ್ರಮಗಳೂ ಊರೂರಲ್ಲಿ ನಡೆಯುತ್ತಿವೆ. ನಡೆಯಲಿ, ಒಳ್ಳೆಯದೇ. ಆದರೆ ವರ್ಷಕ್ಕೆರಡು ದಿನ ಶಾಮಿಯಾನದ ಕೆಳಗೆ ಹೇಳುವ ಬುದ್ಧಿಗೂ, ದಿನವೂ ಜೊತೆಯಲ್ಲಿ ಉಂಡು ಹೇಳುವ ಬುದ್ಧಿಗೂ ವ್ಯತ್ಯಾಸವಿದೆ.

ನಿಲಯದಿಂದ ಹೊರಟ ಕೆಲಸ ಶಾಲೆಗಳ ಕಡೆಗೆ ತಿರುಗಿತು. 1954ರಲ್ಲಿ ಶ್ರೀಗಳವರು ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ತಮ್ಮ ಹೆಸರನ್ನಿಡದೆ ಆದಿ ಗುರುಗಳ ಹೆಸರನ್ನಿಟ್ಟರು. 1963ರಲ್ಲಿ ಮೈಸೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು, ಮರುವರ್ಷ ಕಲೆ, ವಿಜ್ಞಾನ, ವಾಣಿಜ್ಯಗಳ ಕಾಲೇಜು, 1973ರಲ್ಲಿ ಔಷಧ ವಿಜ್ಞಾನದ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಹಳ್ಳಿಗಳಲ್ಲಿ ಹೈಸ್ಕೂಲುಗಳಾದವು. ಇವುಗಳ ಪಟ್ಟಿ ದೊಡ್ಡದು, ಬೇಕಾದವರಿಗೆ ವಿದ್ಯಾಪೀಠದ ಪುಸ್ತಕಗಳಲ್ಲಿ ಸಿಗುತ್ತದೆ. ಸಂಸ್ಥೆಗಳು ನೂರಾರಾದ ಮೇಲೆ ಮೊದಲಿನ ನಿಲಯದಂತೆ ಒಬ್ಬೊಬ್ಬ ಹುಡುಗನ ಮುಖವನ್ನೂ ಗುರುತಿಸುವುದು ಯಾರಿಗೂ ಆಗದ ಮಾತು. ಬೆಳೆದದ್ದಕ್ಕೆ ತೆರಬೇಕಾದ ಬೆಲೆ ಅದು. ಅದಕ್ಕೇ ಇರಬೇಕು, ಶಾಲೆಗಳ ಜೊತೆಗೆ ನಿಲಯಗಳನ್ನೂ ಕಟ್ಟಿಸುವುದನ್ನು ಅವರು ಬಿಡಲಿಲ್ಲ. ಪಾಠ ಹೇಳುವ ಮನೆ ಒಂದಾದರೆ, ಸಾಕುವ ಮನೆ ಇನ್ನೊಂದು ಬೇಕು.

ತಾವು ಎಳೆತನದಲ್ಲಿ ಹಿರಿಯರ ಕೈಯಲ್ಲಿ ಬೆಳೆದಂತೆಯೇ, ತಮ್ಮ ಉತ್ತರಾಧಿಕಾರಿಗಳನ್ನೂ ತಾವಿರುವಾಗಲೇ ಆರಿಸಿ, ಕಣ್ಣೆದುರಿಗೇ ಬೆಳೆಸಿದರು. ಅವರೇ ಈಗ 24ನೆಯ ಪೀಠಾಧಿಪತಿಗಳಾಗಿರುವ ಶ್ರೀ ಶಿವರಾತ್ರಿ ದೇಶಿಕೇಂದ್ರ ಮಹಾಸ್ವಾಮಿಗಳು. ಹಿರಿಯರು ಅಧಿಕಾರದ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡು ಕಣ್ಣುಮುಚ್ಚಿದರೆ ಮನೆ ಏನಾಗುತ್ತದೆಂಬುದನ್ನು ನಾವು ನಮ್ಮ ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಸುತ್ತೂರಿನಲ್ಲಿ ಹಾಗಾಗಲಿಲ್ಲ. 1986ರ ಡಿಸೆಂಬರ್ 6ರಂದು ರಾಜೇಂದ್ರ ಶ್ರೀಗಳವರು ಲಿಂಗೈಕ್ಯರಾದರು. ಎಪ್ಪತ್ತು ವರ್ಷದ ಬಾಳು. ನಿಲಯದ ಒಲೆ ಆ ಮರುದಿನವೂ ಉರಿಯಿತು.

2016ಕ್ಕೆ ಶ್ರೀಗಳವರು ಹುಟ್ಟಿ ನೂರು ವರ್ಷವಾಯಿತು. ಅವರ ಕಾಲದ ಹಸಿವು ಈಗ ಹಳ್ಳಿಗಳಲ್ಲಿಲ್ಲ. ಶಾಲೆಯಲ್ಲಿಯೇ ಬಿಸಿಯೂಟವಿದೆ, ಊರ ಬಾಗಿಲಿಗೆ ಬಸ್ಸಿದೆ. ನಂಜನಗೂಡಿನ ಕಾರ್ಖಾನೆಗಳಲ್ಲಿ ಹುಡುಗರು ಪಾಳಿಯಲ್ಲಿ ದುಡಿಯುತ್ತಾರೆ. ಆದರೂ ಮನೆಮನೆಯ ಮಾತು ಕೇಳಿದರೆ, ಮಗ ಯಾರ ಮಾತನ್ನೂ ಕೇಳುವುದಿಲ್ಲ, ಕೈಯಲ್ಲಿ ಮೊಬೈಲು ಬಿಡುವುದಿಲ್ಲ, ಸಂಜೆಯಾದರೆ ಎಲ್ಲಿರುತ್ತಾನೋ ತಿಳಿಯದು ಎಂಬುದೇ. ಮಗ ಮಾತು ಕೇಳುವುದಿಲ್ಲವೆಂದು ದೂರುವ ಹಿರಿಯರು, ತಾವು ಅವನ ಪಕ್ಕದಲ್ಲಿ ಕುಳಿತು ಒಂದು ಹೊತ್ತು ಉಂಡು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿದ್ದಾರೆಯೇ? ಮೈಸೂರಿಗೋ ಬೆಂಗಳೂರಿಗೋ ಕಳುಹಿಸಿ ಫೀಜು ಕಟ್ಟಿದರೆ ಹಿರಿತನ ತೀರಿತೆಂದು ನಾವು ತಿಳಿದುಬಿಟ್ಟಿದ್ದೇವೆ. ಇದನ್ನು ಬರೆಯುವವನೂ ಆ ತಪ್ಪಿನಿಂದ ಹೊರತಲ್ಲ.

ಸುತ್ತೂರಿನ ಉಚಿತ ವಸತಿ ಶಾಲೆಯಲ್ಲಿ ಇಂದು ಸಾವಿರಾರು ಮಕ್ಕಳು ಓದುತ್ತಿದ್ದಾರೆ. ಜಾತಿಮತಗಳ ಬೇಧವಿಲ್ಲ. ದೂರದ ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳೂ ಅಲ್ಲಿ ಓದಿದ್ದಾರೆ. ಅಲ್ಲಿಯೇ ಇರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಓದು ನಿಲ್ಲಿಸಿ ಬೇಸಾಯ ಹಿಡಿದ ಯುವಕರಿಗೆ ತರಬೇತಿ ಸಿಗುತ್ತದೆ. ಚಳಿಗಾಲದ ಜಾತ್ರೆಯ ಆರು ದಿನಗಳಲ್ಲಿ ಸಾಮೂಹಿಕ ವಿವಾಹ, ಭಜನೆಯ ಮೇಳ, ಕುಸ್ತಿ, ಕೃಷಿ ಪ್ರದರ್ಶನ ಎಲ್ಲವೂ ಇರುತ್ತವೆ, ಲಕ್ಷಾಂತರ ಜನರ ದಾಸೋಹ ನಡೆಯುತ್ತದೆ. ಎರಡೂ ತಾಲ್ಲೂಕಿನ ಊರುಗಳಿಂದ ಅಕ್ಕಿ, ಬೇಳೆ, ತರಕಾರಿ ಹೊತ್ತ ಗಾಡಿಗಳು ಬರುತ್ತವೆ. ಹಿಂದೆ ಎತ್ತಿನ ಗಾಡಿ, ಈಗ ಟ್ರ್ಯಾಕ್ಟರು. ಜಾತ್ರೆಗೆ ಹೋದವರು ಕರ್ತೃ ಗದ್ದುಗೆಗೆ ನಮಸ್ಕರಿಸಿ, ತೇರಿಗೆ ಹಣ್ಣು ಜವನ ಎಸೆದು, ಪ್ರಸಾದ ಸ್ವೀಕರಿಸಿ ಹಿಂದಿರುಗುತ್ತಾರೆ. ಈ ಸಲ ಹೋದಾಗ ಶಾಲೆಯ ಮಕ್ಕಳು ಊಟಕ್ಕೆ ಕೂರುವ ಹೊತ್ತಿನಲ್ಲಿ ಆ ಕಡೆಗೂ ಒಮ್ಮೆ ನಡೆದುಹೋಗಿ. ಮನೆಯಲ್ಲಿರುವ ಮಗನನ್ನೋ ಮೊಮ್ಮಗನನ್ನೋ ಜೊತೆಯಲ್ಲಿ ಕರೆದುಕೊಂಡು ಹೋಗಿ.