ಹೆಂಡ್ರಿಕ್ಸ್ ಪೆಡಲೂ ಮಂಗಳೂರಿನ ಸೆಕೆಯೂ

ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ನನ್ನ ಗಿಟಾರಿಗೆ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಝ್ ಪೆಡಲ್ ಕೊಂಡೆ. ಕಾರಣ ಇಷ್ಟೇ, ಜಿಮಿ ಹೆಂಡ್ರಿಕ್ಸ್ ತುಳಿದದ್ದೂ ಅಂಥದ್ದೇ.

1942ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ಜಿಮಿಯದು ಬಡತನದ ಬಾಲ್ಯ. ಕಸದಲ್ಲಿ ಸಿಕ್ಕ ಒಂದೇ ತಂತಿಯ ಯುಕುಲೇಲಿಯಲ್ಲಿ ಹಾಡು ಹುಡುಕಿದ. ಮೊದಲ ಗಿಟಾರಿನ ಬೆಲೆ 5 ಡಾಲರ್. ಎಡಚನಾದ್ದರಿಂದ ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದ. ಸೇನೆಯಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ, ಹೊರಬಂದು ಬೇರೆ ಗಾಯಕರ ಹಿಂದೆ ನಿಂತು ನುಡಿಸಿದ.

1966ರಲ್ಲಿ ಲಂಡನ್ನಿಗೆ ಹೋದ. ಅದೇ ವರ್ಷ ಅಲ್ಲಿ ಆರ್ಬಿಟರ್ ಕಂಪನಿಯ ‘ಫಝ್ ಫೇಸ್’ ಬಂತು. ಒಳಗೆ ಎರಡು ಟ್ರಾನ್ಸಿಸ್ಟರ್, ಮೇಲೆ ಎರಡು ನಾಬ್, ಅಷ್ಟೇ! ಸಿಗ್ನಲನ್ನು ಮಿತಿಮೀರಿ ಹಿಗ್ಗಿಸಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಆ ಒರಟು ದನಿಯೇ ಫಝ್. ಆದರೆ ಜಿಮಿಯ ಜಾಣ್ಮೆ ಕಾಲಿಗಿಂತ ಕೈಯಲ್ಲಿತ್ತು. ಪೆಡಲನ್ನು ಆನ್ ಇಟ್ಟೇ ಗಿಟಾರಿನ ವಾಲ್ಯೂಮ್ ತುಸು ಇಳಿಸುತ್ತಿದ್ದ, ಸ್ವರ ತಿಳಿಯಾಗುತ್ತಿತ್ತು, ಏರಿಸಿದರೆ ಗರ್ಜನೆ. 1969ರಲ್ಲಿ ವುಡ್‌ಸ್ಟಾಕ್ ವೇದಿಕೆಯಲ್ಲಿ ತನ್ನ ದೇಶದ ರಾಷ್ಟ್ರಗೀತೆಯನ್ನೇ ಹಾಗೆ ಗರ್ಜಿಸಿದ.

ನನಗೆ ತಡವಾಗಿ ತಿಳಿದದ್ದು ಇನ್ನೊಂದು ಸಂಗತಿ. ಬಿಸಿ ಏರಿದರೆ ಜರ್ಮೇನಿಯಂನಲ್ಲಿ ಲೀಕೇಜ್ ಕರೆಂಟ್ ಹೆಚ್ಚಿ ದನಿಯ ಹದ ಕೆಡುತ್ತದೆ. ಜಿಮಿಯೇ ಆಮೇಲೆ ಸಿಲಿಕಾನಿಗೆ ಹೊರಳಿದ್ದ. ಅದರ ದನಿ ತುಸು ಚೂಪು, ಆದರೆ ಸೆಕೆಗೆ ಅಷ್ಟಾಗಿ ಜಗ್ಗದು. ಪರೀಕ್ಷೆಗೆ ಓದಿದ್ದ ಪಾಠವೇ, ಅಂಗಡಿಯಲ್ಲಿ ನೆನಪಾಗಲಿಲ್ಲ!

1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ಜಿಮಿ ತೀರಿಕೊಂಡಾಗ ವಯಸ್ಸು 27.

ಏಪ್ರಿಲ್‌ನ ಮಂಗಳೂರು ಮಧ್ಯಾಹ್ನ, ಫೆಸ್ಟಿನ ರಿಹರ್ಸಲಿನಲ್ಲಿ ನನ್ನ ಪೆಡಲ್ ಬಿಕ್ಕಳಿಸಿ ಸುಮ್ಮನಾಯಿತು. ಈಗ ರೂಮಿನಲ್ಲಿ ಕೂತು ಸಿಲಿಕಾನಿನ ಸರ್ಕ್ಯೂಟ್ ಬೆಸೆಯುತ್ತಿದ್ದೇನೆ. ಫೆಸ್ಟಿಗೆ ಇನ್ನು ನಾಲ್ಕೇ ದಿನ.