ಗಾಳಿಯನ್ನು ಎದುರಿಸಿದ ಎಂಜಿನಿಯರ್

ಮಕ್ಕಳೇ, ಒಂದು ಸ್ಟ್ರಾದ ಬುಡ ಹಿಡಿದು ತುದಿಯನ್ನು ಬೆರಳಿನಿಂದ ತಳ್ಳಿ. ಬಾಗಿತಲ್ಲವೆ? ಈಗ ಒಂಬತ್ತು ಸ್ಟ್ರಾಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ ತಳ್ಳಿ ನೋಡಿ. ಸುಲಭವಾಗಿ ಬಾಗುವುದಿಲ್ಲ. ಅಮೆರಿಕದ ಷಿಕಾಗೊ ನಗರದಲ್ಲಿ 110 ಅಂತಸ್ತಿನ ಕಚೇರಿ ಕಟ್ಟಡವೊಂದು ಹೀಗೆಯೇ ನಿಂತಿದೆ! ಅದರ ರಚನೆಯನ್ನು ಯೋಚಿಸಿದವರು ಫಜ್ಲುರ್ ರಹಮಾನ್ ಖಾನ್.

ಖಾನ್ 1929ರಲ್ಲಿ ಇಂದಿನ ಬಾಂಗ್ಲಾದೇಶದಲ್ಲಿ ಹುಟ್ಟಿದರು. ಢಾಕಾದಲ್ಲಿ ಎಂಜಿನಿಯರಿಂಗ್ ಓದಿ, 1952ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿ, ಜೊತೆಗೆ ಡಾಕ್ಟರೇಟ್!

ಕಟ್ಟಡ ಬಹಳ ಎತ್ತರವಾದಾಗ ಅದರ ಭಾರಕ್ಕಿಂತ ಗಾಳಿಯ ತಳ್ಳುವಿಕೆಯೇ ದೊಡ್ಡ ಸಮಸ್ಯೆ. ಹಿಂದೆ ಕಟ್ಟಡದ ಒಳಗೆಲ್ಲ ಕಂಬ, ತೊಲೆಗಳ ಚೌಕಟ್ಟು ಇರುತ್ತಿತ್ತು. ಎತ್ತರ ಹೆಚ್ಚಿದಂತೆ ಉಕ್ಕಿನ ಖರ್ಚು ಕೈಮೀರುತ್ತಿತ್ತು. ಖಾನ್ ಬಲವನ್ನು ಹೊರ ಅಂಚಿಗೆ ತಂದರು. ಅಲ್ಲಿ ಒತ್ತೊತ್ತಾಗಿ ಕಂಬಗಳನ್ನು ನಿಲ್ಲಿಸಿ ತೊಲೆಗಳಿಂದ ಬೆಸೆದರೆ ಇಡೀ ಕಟ್ಟಡವೇ ಒಂದು ಕೊಳವೆ. ಬಿದಿರನ್ನು ನೆನಪಿಸಿಕೊಳ್ಳಿ. ಒಳಗೆ ಟೊಳ್ಳು, ಆದರೆ ಎಷ್ಟು ಗಟ್ಟಿ!

ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಜೊತೆ ಅವರು ರೂಪಿಸಿದ ಸಿಯರ್ಸ್ ಗೋಪುರ ಇಂಥ ಒಂಬತ್ತು ಚೌಕ ಕೊಳವೆಗಳ ಕಂತೆ. 50ನೇ ಅಂತಸ್ತಿನವರೆಗೆ ಒಂಬತ್ತೂ ಇವೆ. ಮೇಲೇರಿದಂತೆ ಕೆಲವು ಅಲ್ಲಲ್ಲೇ ನಿಲ್ಲುತ್ತವೆ, ತುದಿ ಮುಟ್ಟುವುದು ಎರಡೇ. ಎತ್ತರ 442 ಮೀಟರ್. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 381 ಮೀಟರ್. ಆದರೂ ಪ್ರತಿ ಚದರ ಅಡಿಗೆ ಸಿಯರ್ಸ್‌ಗೆ ಬೇಕಾದ ಉಕ್ಕು ಅದಕ್ಕಿಂತ ಕಡಿಮೆ! ಜಾಣತನವೆಂದರೆ ಇದೇ ಅಲ್ಲವೆ? 2009ರಲ್ಲಿ ಇದರ ಹೆಸರು ವಿಲಿಸ್ ಗೋಪುರವಾಯಿತು.

1982ರಲ್ಲಿ ಖಾನ್ ಸೌದಿ ಅರೇಬಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಅವರ ಸಮಾಧಿ ಷಿಕಾಗೊದಲ್ಲಿಯೇ ಇದೆ.